ಹತ್ತೊಂಬತ್ತನೆಯ ಪುಟದ ಗುರುತು

ಎಫಿ ಮ್ಯಾಕ್‌ಐಸಾಕ್ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಮಾರ್ಚ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ, ನಮ್ಮೂರ ಗ್ರಂಥಾಲಯದಲ್ಲಿ. ಕೊಲ್ಲಿಯ ತುಂಬ ಮಂಜುಗಡ್ಡೆಯ ಹಾಸುಗಳು ತೇಲಿಬಂದು ನಿಂತಿದ್ದವು. ಟೊರಾಂಟೊದ ಯಾರೋ ಬರೆದ ಪತ್ತೇದಾರಿ ಕಾದಂಬರಿಯೊಂದನ್ನು ಹಿಂದಿರುಗಿಸಲು ಹೋಗಿದ್ದೆ.

"ಮತ್ತೆ ಮೊದಲನೇ ಪುಟದಲ್ಲೇ ಹುಡುಗಿ ಹೆಣ, ಬರ್ನಡೆಟ್. ಮತ್ತೆ ಅದೇ ಕುಡುಕ ಪೊಲೀಸಿನವನು. ಇವರಿಗೆ ಸಾಯೋಕೆ ಬೇರೆ ಯಾರೂ ಸಿಗಲ್ವಾ?" ಎಂದೆ.

ಗ್ರಂಥಪಾಲಕಿ ಬರ್ನಡೆಟ್ ನಗಲಿಲ್ಲ. "ಲಾಕಿ, ಕೂತ್ಕೋ. ಎಫಿ ಹೋಗ್ಬಿಟ್ಲು ಕಣೋ. ಬೆಳಿಗ್ಗೆ ಚಹಾಕ್ಕೆ ನೀರಿಟ್ಟಿದ್ಲಂತೆ. ಅದು ಕುದ್ದು ಬತ್ತಿದ ಮೇಲೆ ತಮ್ಮ ಬಂದು ನೋಡಿದಾನೆ."

ಕುಳಿತೆ. ನಮೋ ಮರಿಯಾ ಪ್ರಾರ್ಥನೆ ಹೇಳಲು ತೊಡಗಿದೆ. ಅರ್ಧಕ್ಕೆ ನಿಂತುಹೋಯಿತು.

ಎಫಿ ಮೂವತ್ತೊಂದು ವರ್ಷ ನಮ್ಮೂರ ಶಾಲೆಯ ಅಡಿಗೆಮನೆಯಲ್ಲಿ ಕೆಲಸ ಮಾಡಿದವಳು. ನಾನು ಅಂಚೆ ಕಛೇರಿಯಲ್ಲಿದ್ದವನು. ಶನಿವಾರ ಸಂಜೆ ಚರ್ಚಿನಲ್ಲಿ ಬಲಿಪೂಜೆ ಮುಗಿದ ಮೇಲೆ ಇಬ್ಬರೂ ಅವಳ ಅಡಿಗೆಮನೆಯಲ್ಲಿ ಕುಳಿತು, ಅವಳು ಮಾಡಿದ ಓಟ್ಸ್ ಬಿಲ್ಲೆ ತಿನ್ನುತ್ತ, ವಾರವೆಲ್ಲ ಓದಿದ್ದನ್ನು ಮಾತಾಡುತ್ತಿದ್ದೆವು. ನಲವತ್ತು ವರ್ಷ ಹೀಗೆ ನಡೆಯಿತು. ಅರವತ್ತನಾಲ್ಕನೆಯ ವಯಸ್ಸಿನಲ್ಲಿ ಎಫಿ ತಾನೇ ಒಂದು ಕಾದಂಬರಿ ಬರೆದಳು. ಹ್ಯಾಲಿಫ್ಯಾಕ್ಸಿನ ಒಂದು ಸಣ್ಣ ಪ್ರಕಾಶನದವರು ಅದನ್ನು ಅಚ್ಚು ಹಾಕಿದರು. ಹೆಸರು 'ಕಡಲ ಮಗ್ಗುಲ ಅಡಿಗೆಮನೆ'.

ಆ ಮಧ್ಯಾಹ್ನವೇ ಅವಳ ತಮ್ಮ ಡೂಗಲ್ಡ್ ನನ್ನ ಮನೆಗೆ ಬಂದ. ಏಡಿ ಹಿಡಿಯುವ ದೋಣಿಯವನು, ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತ ನಿಂತ.

"ಶುಕ್ರವಾರ ಮಣ್ಣು. ಆಮೇಲೆ ಚರ್ಚಿನ ಹಾಲ್‌ನಲ್ಲಿ ಅವಳ ಪುಸ್ತಕದ ಬಗ್ಗೆ ನೀನು ನಾಲ್ಕು ಮಾತಾಡ್ಬೇಕು ಲಾಕಿ. ನಂಗೆ ಓದು ಹತ್ತಲ್ಲ. ಊರಲ್ಲಿ ಓದೋನು ಅಂದ್ರೆ ನೀನೇ."

ಆಗಲಿ ಎಂದೆ. ಅವನು ಹೋದ ಮೇಲೆ ಬಾಗಿಲು ಹಾಕಿ, ಅದಕ್ಕೆ ಒರಗಿ ನಿಂತೆ. ಆ ಪುಸ್ತಕವನ್ನು ನಾನು ಪೂರ್ತಿ ಓದಿರಲಿಲ್ಲ.

ಇದನ್ನು ಬಿಡಿಸಿ ಹೇಳಬೇಕು. ಗ್ರಂಥಾಲಯದ ಗೋಡೆಯ ಮೇಲೆ ತಿಂಗಳಿಗೊಮ್ಮೆ ನನ್ನ ಅಭಿಪ್ರಾಯದ ಚೀಟಿಯೊಂದನ್ನು ಚುಚ್ಚುತ್ತಿದ್ದರು. ಜನ ಅದನ್ನು ನೋಡಿಯೇ ಪುಸ್ತಕ ಒಯ್ಯುತ್ತಿದ್ದರು. ಅಜ್ಜಿಯ ಪೆಟ್ಟಿಗೆಯಲ್ಲಿ ಹಳೆಯ ಕಾಗದ ಸಿಕ್ಕಿ ಎರಡು ಕಾಲದ ಕಥೆ ಒಟ್ಟಿಗೆ ನಡೆಯುವ ಜನಪ್ರಿಯ ಕಾದಂಬರಿಗಳನ್ನು ನಾನು ಚೆನ್ನಾಗಿ ಗೇಲಿ ಮಾಡಿದ್ದೆ. ನಮ್ಮ ದೇಶದ ದೊಡ್ಡ ಬರಹಗಾರರನ್ನೂ ಬಿಟ್ಟಿರಲಿಲ್ಲ. 'ಇವರು ಮುನ್ನೂರು ಪುಟ ಜನರನ್ನು ಹಿಮದಲ್ಲಿ ಮಾತಿಲ್ಲದೆ ನಿಲ್ಲಿಸುತ್ತಾರೆ, ಕೊನೆಯ ಪುಟದಲ್ಲಿ ಸರೋವರದ ಮಂಜುಗಡ್ಡೆ ಬಿರುಕು ಬಿಟ್ಟರೆ ಅದನ್ನೇ ವಸಂತ ಎನ್ನುತ್ತಾರೆ' ಎಂದು ಬರೆದಿದ್ದೆ. ಹೊರದೇಶಗಳಿಂದ ಬಂದವರ ಮಕ್ಕಳು ಈಚೆಗೆ ಬರೆಯುವ ಕಾದಂಬರಿಗಳು ನನಗೆ ಹಿಡಿಸಿದ್ದವು. ಅವುಗಳಲ್ಲಿ ಜನ ಊಟಕ್ಕೆ ಕುಳಿತು ಜಗಳವಾಡುತ್ತಾರೆ, ಅದೇ ಜೀವ ಎಂದಿದ್ದೆ. ಈ ಮಾತುಗಳನ್ನು ಈಗಲೂ ಹಿಂದೆಗೆದುಕೊಳ್ಳುವುದಿಲ್ಲ. ಅವೆಲ್ಲ ಓದಿ ಹೇಳಿದ ಮಾತುಗಳು.

ಚಳಿಗಾಲಕ್ಕೆ ಒಂದು ಪುಸ್ತಕವನ್ನು ಆರಿಸಿ ಊರೆಲ್ಲ ಒಟ್ಟಿಗೆ ಓದುವುದು ನಮ್ಮಲ್ಲಿ ವಾಡಿಕೆ. ಒಂಬತ್ತು ವರ್ಷದ ಹಿಂದೆ ಆಯ್ಕೆಗೆ ಬಂದ ಎರಡರಲ್ಲಿ ಒಂದು ಎಫಿಯದು. ನಾನು ಐವತ್ತೆಂಟು ಪುಟ ಓದಿ ಮುಚ್ಚಿಟ್ಟೆ. ಬೇಸರದಿಂದ ಮುಚ್ಚಿದ್ದಲ್ಲ. ಐವತ್ತೆಂಟನೆಯ ಪುಟದಲ್ಲಿ ಒಬ್ಬ ವಿಧವೆ ಗಂಡನ ಮಳೆಯಂಗಿಯನ್ನು ತೊಳೆಯುತ್ತಾಳೆ. ಜೇಬಿನಲ್ಲಿ ಮೀನಿನ ಹುರುಪೆ ಸಿಗುತ್ತದೆ, ಅದನ್ನು ಎಸೆಯಲಾರದೆ ಸೋಪಿನ ಬಟ್ಟಲಲ್ಲಿ ಇಡುತ್ತಾಳೆ. ಅದನ್ನು ಓದಿ ನನಗೆ ಹೊಟ್ಟೆಕಿಚ್ಚಾಯಿತು. ಜೀವನವೆಲ್ಲ ಓದಿದ ನಾನು ಒಂದು ಸಾಲು ಬರೆದವನಲ್ಲ. ಮಕ್ಕಳಿಗೆ ಸೂಪು ಬಡಿಸುತ್ತಿದ್ದವಳಿಗೆ ಇದು ಎಲ್ಲಿಂದ ಬಂತು? ಆ ತಿಂಗಳ ಚೀಟಿಯಲ್ಲಿ, 'ಮತ್ತೊಂದು ಹಿಮ, ಮತ್ತೊಬ್ಬ ಮೌನಿ ವಿಧವೆ. ಕೊನೆಯವರೆಗೂ ಏನೂ ನಡೆಯುವುದಿಲ್ಲ' ಎಂದು ಬರೆದೆ. ಊರು ಇನ್ನೊಂದು ಪುಸ್ತಕವನ್ನು ಆರಿಸಿತು. ಎಫಿ ಮತ್ತೆ ಬರೆಯಲಿಲ್ಲ. ಶನಿವಾರದ ಬಿಲ್ಲೆ ಮಾತ್ರ ತಪ್ಪಲಿಲ್ಲ.

ಒಂಬತ್ತು ವರ್ಷ ಪಾದ್ರಿಗಳ ಬಳಿ ಪಾಪನಿವೇದನೆಗೆ ಹೋದಾಗಲೆಲ್ಲ ಸಣ್ಣಪುಟ್ಟದ್ದನ್ನು ಹೇಳಿ ಎದ್ದು ಬಂದೆ. ಇದನ್ನು ಪಾಪದ ಲೆಕ್ಕಕ್ಕೇ ತಂದಿರಲಿಲ್ಲ.

ಬುಧವಾರ ಗ್ರಂಥಾಲಯಕ್ಕೆ ಹೋಗಿ ಪುಸ್ತಕ ಕೇಳಿದೆ. ಬರ್ನಡೆಟ್ ಅದನ್ನು ತಂದು, ಕೊಡದೆ ಕೈಯಲ್ಲೇ ಹಿಡಿದುಕೊಂಡಳು.

"ಲಾಕಿ, ಒಂದು ಕೇಳ್ತೀನಿ. ಎಫಿ ಪ್ರತಿ ಜನವರೀಲೂ ಬಂದು ಈ ಪುಸ್ತಕ ತೆಗೀತಿದ್ಲು. ಹತ್ತೊಂಬತ್ತನೇ ಪುಟ ನೋಡಿ, 'ಇನ್ನೂ ಬಂದಿಲ್ಲ' ಅಂತ ವಾಪಸ್ ಇಡ್ತಿದ್ಲು. ಬರೆದೋರಿಗೆ ತಮ್ಮ ಪುಸ್ತಕದ ಮೇಲೆ ಮೋಹ ಅಂತ ನಾನೂ ಸುಮ್ಮನಿದ್ದೆ. ಏನು ಹುಡುಕ್ತಿದ್ಲೋ ಅವಳು?"

ನನಗೆ ಗೊತ್ತಿತ್ತು. ನಮ್ಮೂರ ಮುದುಕರಿಗೆಲ್ಲ ಒಂದು ಅಭ್ಯಾಸವಿದೆ. ಪುಸ್ತಕ ಓದಿ ಮುಗಿಸಿದ ಮೇಲೆ ಹತ್ತೊಂಬತ್ತನೆಯ ಪುಟದ ಕೆಳಗೆ ಪೆನ್ಸಿಲಿನಿಂದ ನಮ್ಮ ನಮ್ಮ ಗುರುತು ಹಾಕುತ್ತೇವೆ. ಮರೆತು ಅದನ್ನೇ ಮತ್ತೆ ಒಯ್ಯದಿರಲೆಂದು ಈ ಉಪಾಯ. ಹತ್ತೊಂಬತ್ತು ಸಂತ ಜೋಸೆಫರ ಹಬ್ಬದ ತಾರೀಖು, ಹಿಂದಿನವರು ಯಾರೋ ಆರಿಸಿದ್ದು. ಎಫಿಯ ಗುರುತು ಎರಡು ತೂತಿನ ಅಂಗಿಗುಂಡಿ. ನನ್ನದು ಗಾಳದ ಕೊಕ್ಕೆ. ಪೂರ್ತಿ ಓದದೆ ಯಾರೂ ಗುರುತು ಹಾಕುವುದಿಲ್ಲ. ಗೋಡೆಯ ಮೇಲೆ ಸುಳ್ಳು ಬರೆದ ನನಗೂ ಆ ಪುಟದಲ್ಲಿ ಸುಳ್ಳು ಗುರುತು ಹಾಕಲು ಕೈ ಬಂದಿರಲಿಲ್ಲ. ಅಷ್ಟಕ್ಕೇ ನಾನು ಪ್ರಾಮಾಣಿಕನೆಂದುಕೊಂಡಿದ್ದೆ.

ಪುಟ ತೆರೆದೆ. ಹನ್ನೊಂದು ಗುರುತುಗಳಿದ್ದವು. ಕೊಕ್ಕೆ ಇರಲಿಲ್ಲ. ಎಫಿಗೆ ಮೊದಲಿನಿಂದಲೂ ತಿಳಿದಿತ್ತು. ತಿಳಿದೂ ನನಗೆ ಚಹಾ ಬಸಿದು ಕೊಟ್ಟಿದ್ದಳು.

"ನನ್ನ ಕೊಕ್ಕೆ ಹುಡುಕ್ತಿದ್ಲು, ಬರ್ನಡೆಟ್," ಎಂದೆ.

"ಅಯ್ಯೋ ಲಾಕಿ," ಎಂದಳು. ಪುಸ್ತಕವನ್ನು ನನ್ನ ಕಡೆಗೆ ತಳ್ಳಿ, ಕಪಾಟಿನ ಕಡೆಗೆ ತಿರುಗಿದಳು.

ಗುರುವಾರ ಬೆಳಗಿನಿಂದ ಚರ್ಚಿನ ಸಂಜೆಯ ಗಂಟೆಯವರೆಗೆ ಕಿಟಕಿಯ ಬಳಿ ಕುಳಿತು ಓದಿ ಮುಗಿಸಿದೆ. ಏನೂ ನಡೆಯುವುದಿಲ್ಲ ಎಂದಿದ್ದೆನಲ್ಲ, ತೊಂಬತ್ತನೆಯ ಪುಟದಲ್ಲಿ ಆ ವಿಧವೆ ಗಂಡನ ದೋಣಿಯನ್ನು ತಾನೇ ಕಡಲಿಗೆ ಇಳಿಸುತ್ತಾಳೆ. ನಡುಭಾಗ ನನಗೆ ಅಳು ತರಿಸಿತು. ಕೊನೆಯ ಎರಡು ಅಧ್ಯಾಯಗಳು ಅವಸರದವು, ವಿಧವೆಯ ಮಗಳು ತಾಯಿಯನ್ನು ಸುಮ್ಮನೆ ಕ್ಷಮಿಸಿಬಿಡುತ್ತಾಳೆ. ಶನಿವಾರ ಇದನ್ನು ಹೇಳಿದ್ದರೆ ಎಫಿ, "ಮುಚ್ಚೋ ಬಾಯಿ, ನೀನೊಂದು ಬರಿ ನೋಡೋಣ," ಎಂದು ನಗುತ್ತಿದ್ದಳು, ಆಮೇಲೆ ಕೂತು ತಿದ್ದುತ್ತಿದ್ದಳು. ಅವಳಿಗೆ ನನ್ನ ಹೊಗಳಿಕೆ ಬೇಕಿರಲಿಲ್ಲ. ನಾನು ಓದಿದ್ದರೆ ಸಾಕಿತ್ತು.

ಶುಕ್ರವಾರ ಹಾಲ್ ತುಂಬಿತ್ತು. ಹೊಗಳಿ ಕುಳಿತುಬಿಡು ಎಂದು ಮನಸ್ಸು ಹೇಳಿತು. ಈಗ ಪುಸ್ತಕ ಓದಿದ್ದೆ, ಬರ್ನಡೆಟ್‌ಗೆ ಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಎದ್ದು ನಿಂತು ನೋಡಿದರೆ, ಬರ್ನಡೆಟ್ ನೆಲ ನೋಡುತ್ತ ಕುಳಿತಿದ್ದಳು. ನಡೆದದ್ದನ್ನು ನಡೆದ ಹಾಗೆಯೇ ಹೇಳಿದೆ. ಹೊಟ್ಟೆಕಿಚ್ಚಿನ ಮಾತನ್ನೂ ಹೇಳಿದೆ. ಚಹಾದ ಕಪ್ಪು-ಬಸಿಗಳ ಸದ್ದು ನಿಂತಿತು.

ಹಿಂದಿನ ಸಾಲಿನಿಂದ ಮುದುಕ ಸ್ಯಾಂಡಿ ಕೂಗಿದ: "ನೀನು ಬೈದೆ ಅಂತ ನಾನು ಎಷ್ಟ್ ಪುಸ್ತಕ ಬಿಟ್ಟಿದೀನಿ ಗೊತ್ತೇನೋ? ಅವನ್ನಾದ್ರೂ ಓದಿದ್ಯಾ ಇಲ್ವಾ?"

"ಓದಿದ್ದೆ ಸ್ಯಾಂಡಿ. ಇದೊಂದೇ ಓದಿರ್ಲಿಲ್ಲ."

"ನಂಬೋದು ಹೇಗೆ?"

"ಹತ್ತೊಂಬತ್ತನೇ ಪುಟ ತೆಗೆದು ನೋಡು."

"ನೋಡ್ತೀನಿ. ಒಂದೊಂದನ್ನೂ ನೋಡ್ತೀನಿ," ಎಂದ ಅವನು. ಯಾರೂ ನಗಲಿಲ್ಲ.

ಡೂಗಲ್ಡ್ ನನ್ನ ಬಳಿ ಬಂದ. ಹೊಡೆಯುವನೇನೋ ಎಂದುಕೊಂಡೆ. ಹೊಡೆದಿದ್ದರೂ ಸರಿಯೆ.

"ಆ ನಿನ್ನ ಚೀಟಿ ಅವಳ ಫ್ರಿಜ್ ಮೇಲಿದೆ. ಒಂಬತ್ತು ವರ್ಷದಿಂದ ಅಲ್ಲೇ ಇದೆ. ಕಿತ್ತು ಬಿಸಾಕು ಅಂದ್ರೆ, 'ಇರ್ಲಿ ಬಿಡೋ, ಅವನು ಇನ್ನೂ ಓದ್ತಾ ಇದಾನೆ' ಅಂತಿದ್ಲು. ನಂಗೆ ಅರ್ಥ ಆಗ್ತಿರ್ಲಿಲ್ಲ." ಅವನು ಟೋಪಿ ಹಾಕಿಕೊಂಡ. "ನೀನೇ ಬಂದು ಕೀಳು. ನಾನು ಮುಟ್ಟಲ್ಲ."

ಸಂಜೆ ಹೋಗಿ ಕಿತ್ತೆ. ಅಂಟು ಒಣಗಿದ ಗುರುತು ಫ್ರಿಜ್ಜಿನ ಬಾಗಿಲ ಮೇಲೆ ಹಾಗೇ ಉಳಿಯಿತು. ಶನಿವಾರ ಬೆಳಿಗ್ಗೆ ಪಾದ್ರಿಗಳ ಮುಂದೆ ಮಂಡಿಯೂರಿ ಎಲ್ಲವನ್ನೂ ಹೇಳಿಕೊಂಡು, ಅಲ್ಲಿಂದ ನೇರವಾಗಿ ಗ್ರಂಥಾಲಯಕ್ಕೆ ಹೋದೆ. ಬರ್ನಡೆಟ್ ಪೆನ್ಸಿಲು ಮುಂದಿಟ್ಟಳು. ಹತ್ತೊಂಬತ್ತನೆಯ ಪುಟದಲ್ಲಿ ಹನ್ನೆರಡನೆಯ ಗುರುತಾಗಿ ಕೊಕ್ಕೆ ಬರೆದೆ. ಅದು ಸೊಟ್ಟಗಾಯಿತು. ಅಳಿಸಲಿಲ್ಲ.

ಕರ್ತನೇ, ನಿನ್ನ ದಾಸಿ ಎಫಿ ಒಂಬತ್ತು ವರ್ಷ ಕಾದಳು, ಒಂದು ಮಾತೂ ಆಡಲಿಲ್ಲ. ನಾನು ತಡವಾಗಿ ಬಂದೆ. ಇನ್ನು ಅವಳು ಯಾವ ಪುಟವನ್ನೂ ತೆರೆದು ಹುಡುಕದಿರಲಿ. ನಿನ್ನ ಬೆಳಕಿನಲ್ಲಿ ಅವಳನ್ನು ಕೂರಿಸಿಕೊ, ಅವಳ ಆತ್ಮಕ್ಕೆ ಶಾಂತಿಯನ್ನು ಕೊಡು. ಆಮೆನ್.