ಹೆಲ್ಮೆಟ್ಟಿನ ಒಳಮೆತ್ತೆ

ಇಪ್ಪತ್ತೆಂಟು ದಿನ ಐವರು ಗಂಡಸರ ಗೊರಕೆ ಕೇಳಿಕೊಂಡು ಹಡಗಿನ ಮೇಲಿನ ಉಕ್ಕಿನ ಒತ್ತಡದ ಕೋಣೆಯಲ್ಲಿದ್ದು, ಕಡಲ ತಳದಲ್ಲಿ ಪೈಪು ಬೆಸೆದು ಬಂದ ಮುಳುಗುಗಾರನಿಗೆ ಡಾಕ್ಟರಮ್ಮ ರಕ್ತಪರೀಕ್ಷೆಯ ಚೀಟಿ ತೋರಿಸಿದಳು.

"ನೋಡಿ, ರೋಗ ತಡೆಯೋ ಕಾವಲುಗಾರರೆಲ್ಲ ಸುಸ್ತಾಗಿ ಕೂತುಬಿಟ್ಟಿದ್ದಾರೆ. ಅಷ್ಟು ಆಳದ ಒತ್ತಡದಲ್ಲಿ ಅಷ್ಟು ದಿನ ಇದ್ರೆ ಹೀಗೇ. ನೆಗಡಿಯವರ ಹತ್ರ ಸುಳೀಬೇಡಿ. ಹತ್ತನೇ ದಿನ ತಪಾಸಣೆ. ಪಾಸಾದ್ರೆ ಮುಂದಿನ ಸಲ ತಂಡಕ್ಕೆ ನೀವೇ ನಾಯಕ."

ಆ ಮಾತಿಗಾಗಿ ಅವನು ಇಪ್ಪತ್ತು ವರ್ಷ ಕಾದಿದ್ದ.

ಮನೆಗೆ ಬಂದರೆ ಬಾಗಿಲಲ್ಲೇ ಮೂರು ವರ್ಷದ ಮೊಮ್ಮಗಳು, ಎರಡೂ ಹೊಳ್ಳೆಯಿಂದ ಧಾರೆ ಇಳಿಸಿಕೊಂಡು, "ತಾತಾ!" ಎಂದು ಕೈ ಚಾಚಿದಳು. ಫೋನಿನಲ್ಲೇ ಎಲ್ಲ ಕೇಳಿದ್ದ ಹೆಂಡತಿ ನಡುವೆ ಪೊರಕೆ ಅಡ್ಡ ಹಿಡಿದಳು.

"ಹಿಂದಿನ ಕೋಣೆಗೆ ನಡೀರಿ. ಊಟ ಕಿಟಕೀಲಿ ಬರುತ್ತೆ."

"ಒಂದು ಡಬ್ಬಿಯಿಂದ ತೆಗೆದು ಇನ್ನೊಂದಕ್ಕೆ ತುಂಬ್ತೀಯಲ್ಲೇ!"

"ಆ ಡಬ್ಬೀಲಿ ಬಿಸಿ ಊಟ ಎಲ್ಲಿತ್ತು? ಸುಮ್ನೆ ನಡೀರಿ."

ನಾಲ್ಕು ದಿನ ಮಗು ಬಾಗಿಲ ಸಂದಿಯಲ್ಲಿ ತನ್ನ ಆಟಿಕೆಗಳನ್ನೆಲ್ಲ ಒಂದೊಂದಾಗಿ ತೂರಿಸಿತು. ಐದನೆಯ ದಿನ ತೂರಿಸಲು ಏನೂ ಉಳಿಯದೆ ಕೇಳಿತು: "ತಾತ, ನಾನು ಬೇಡ್ವಾ?"

ತಾತ ತಟ್ಟನೆ ಎದ್ದ. ಮೂಲೆಯ ಚೀಲದಲ್ಲಿ, ಕಡಲಿಗಿಳಿವಾಗ ತೊಡುವ, ಮುಖಕ್ಕೆ ಗಾಜಿರುವ ಅವನ ಸ್ವಂತ ಹೆಲ್ಮೆಟ್ಟಿತ್ತು. ತಲೆಗೆ ಹಾಕಿಕೊಂಡು, ತನ್ನ ಬುದ್ಧಿಗೆ ತಾನೇ ಭೇಷ್ ಎಂದುಕೊಂಡು, ನಡುಮನೆಗೆ ಹೋಗಿ ಕೂತ. ಮಗು ತೊಡೆಯೇರಿ, ಕಿಲಕಿಲ ನಗುತ್ತ, ಮೂಗನ್ನು ಗಾಜಿಗೇ ಒರೆಸಿತು. ಆಮೇಲೆ ದಿನವೂ ಸಂಜೆ ಗಂಟೆಗಟ್ಟಲೆ ಅದೇ ಸಭೆ.

ಹತ್ತನೆಯ ದಿನ ಡಾಕ್ಟರಮ್ಮ ಮೂಗು, ಗಂಟಲು ನೋಡಿ ತಲೆದೂಗಿದಳು. ಕಿವಿ ಎಳೆದಳು. ಅವನು ಕುರ್ಚಿಯಿಂದ ಅಡಿ ಎತ್ತರ ಹಾರಿದ.

"ಕಿವಿಯೊಳಗೆ ಕೀವು! ಈ ವಾರ ಯಾವ ಕಡಲಿಗೆ ಇಳಿದಿದ್ರಿ?"

"ನಡುಮನೆಗೆ," ಎಂದು ಎಲ್ಲವನ್ನೂ ಒಪ್ಪಿಸಿದ.

"ಒಳಗಿನ ಮೆತ್ತೆ ಔಷಧಿ ನೀರಲ್ಲಿ ತೊಳೆದು ಒಣಗಿಸಿದ್ರಿ ತಾನೇ?"

ಮೆತ್ತೆ ತೊಳೆಯದವರನ್ನು ಇಪ್ಪತ್ತು ವರ್ಷ ಹಡಗಿನ ತುಂಬ ಅಟ್ಟಾಡಿಸಿ ಬೈದವನು ಅವನೇ. ಮೊಮ್ಮಗಳ ನೆಗಡಿಗೆ ಹೆದರಿ, ತಿಂಗಳ ಪಸೆಯಲ್ಲಿ ಕೊಬ್ಬಿದ ಕ್ರಿಮಿಗಳಿಗೆ ತಲೆ ಒಡ್ಡಿದ್ದ.

"ಕಾವಲುಗಾರರು ಇನ್ನೂ ಕಣ್ಣುಜ್ಜಿಕೊಳ್ತಿದ್ರು, ನೀವೇ ಅವರ ಮೇಲೆ ದಂಡು ಬಿಟ್ರಿ. ಈ ಸಲ ನಾಯಕ ಬೇರೆಯವರು. ಮುಂದಿನದು ಮುಂದೆ ನೋಡೋಣ."

ಸುದ್ದಿ ಕೇಳಿ ಹೆಂಡತಿ ಹೊಟ್ಟೆ ಹಿಡಿದು ನಕ್ಕಳು. ನಕ್ಕು ಮುಗಿದ ಮೇಲೆ, ಅವನ ಮುಖ ನೋಡಿ, ಚಾಪೆ ಹಾಸಿ ಕಿವಿಗೆ ಔಷಧಿ ಬಿಟ್ಟಳು.

"ಐದು ನಿಮಿಷ. ಅಲ್ಲಾಡಿದ್ರೆ ಮತ್ತೆ ಮೊದಲಿಂದ."

ಹೊಳ್ಳೆ ಒಣಗಿದ್ದ ಮೊಮ್ಮಗಳು ಬಂದು, ಅವನ ಮುಖಕ್ಕೆ ಮುಖ ಕೊಟ್ಟು, ಅವನಂತೆಯೇ ಒಂದು ಮಗ್ಗುಲಾಗಿ ಮಲಗಿದಳು.

"ತಾತ, ಟೋಪಿ ಎಲ್ಲಿ?"

"ಒಣಗ್ತಿದೆ, ಪುಟ್ಟಾ."

ಅಂಗಳದ ಹಗ್ಗದಲ್ಲಿ, ಅವಳ ಫ್ರಾಕಿನ ಪಕ್ಕ, ಮೆತ್ತೆ ತೊಟಕ್ ತೊಟಕ್ ಎಂದು ನೀರಿಳಿಸುತ್ತಿತ್ತು.