ಮೇಲಿನ ಒಂದು ರೂಪಾಯಿ

"ನಿಮಗ ಪಿ.ಎಫ್. ಬರಂಗಿಲ್ಲ ತಂಗಿ," ಎಂದು ಗುಮಾಸ್ತ ಹಾಲಸ್ವಾಮಿ ಫಾರಂ ವಾಪಸು ಜರುಗಿಸಿದರು.

ಪೆನ್ನಿನ ಮುಚ್ಚಳ ತೆಗೆದಿದ್ದ ಶಿವಗಂಗಾ ಹಾಗೇ ಕುಳಿತಳು. ಹಗರಿಬೊಮ್ಮನಹಳ್ಳಿಯ ಈ ಶೇಂಗಾ ಎಣ್ಣೆ ಮಿಲ್ಲಿನ ಲ್ಯಾಬಿಗೆ ಸೇರಿ ಅಂದಿಗೆ ಎರಡನೇ ದಿನ. ಬಿ.ಎಸ್ಸಿ. ಮುಗಿಸಿ ಮೂರು ವರ್ಷ ಮನೆಪಾಠ ಹೇಳಿದ ಮೇಲೆ ಸಿಕ್ಕ ಮೊದಲ ನೌಕರಿ.

"ಯಾಕ್ರಿ?"

"ಆರೂವರಿ ಸಾವ್ರದ ಮಟ ಸಂಬಳ ಇದ್ದೋರಿಗಷ್ಟ ಅದು. ಸೇರೋವಾಗ್ಲೇ ಆ ಗೆರಿ ದಾಟಿದ್ರ ಹೊರಗ. ನಿಮ್ಮ ಆರ್ಡರ್ ನೋಡ್ಕೊಳ್ರಿ."

ನೋಡಿದಳು. ಆರು ಸಾವಿರದ ಐನೂರ ಒಂದು.

"ನಮ್ಮ ಸಾವ್ಕಾರ್ರು ಮುಯ್ಯಿ ಮಾಡಿದಂಗ ಸಂಬಳ ಬರೀತಾರ," ಹಾಲಸ್ವಾಮಿ ನಕ್ಕರು. "ನಂದು ಐದು ಸಾವ್ರದ ಒಂದು. ವಾಚ್‌ಮನ್ ದುರುಗಪ್ಪಂದು ಎರಡು ಸಾವ್ರದ ಒಂದು. ಒಂದ್ರುಪಾಯಿ ಹೆಚ್ಚಾಗಿ ಕೆಟ್ಟೋರನ್ನ ಇವತ್ತ ಕಂಡೆ ನೋಡ್ರಿ." ಅವಳ ಮುಖ ನೋಡಿ ದನಿ ಇಳಿಸಿದರು. "ಹೋಗ್ಲಿ ಬಿಡ್ರಿ, ಪೂರಾ ರೊಕ್ಕ ಕೈಗೆ ಬರತೈತಿ. ಸಾವ್ಕಾರ್ರಿಗೂ ತಮ್ಮ ಪಾಲು ಕಟ್ಟೋದು ಉಳೀತು. ಅವರ್ಯಾಕ ತಿದ್ತಾರ?"

ತಂಬ್ರಹಳ್ಳಿಯಲ್ಲಿ ಅವಳ ಅವ್ವ ಮಾಳಮ್ಮ ಬ್ಯಾಂಕಿಗೆ ಹೋಗುವ ದಿನ ಪೆಟ್ಟಿಗೆಯ ಸೀರೆ ಉಡುತ್ತಿದ್ದಳು. ಅಪ್ಪ ಹತ್ತಿ ಕಾರ್ಖಾನೆಯಲ್ಲಿ ದುಡಿಯುವಾಗ ಪಿ.ಎಫ್.ಗೆಂದು ಸಂಬಳದಲ್ಲಿ ಹಿಡಿದಾಗಲೆಲ್ಲ ಇದೇ ಅವ್ವ ಗೊಣಗಿದ್ದೇ ಗೊಣಗಿದ್ದು. ಅಪ್ಪ ತೀರಿಕೊಂಡ ಮೇಲೆ ಅದರಿಂದಲೇ ತಿಂಗಳಿಗೆ ನಾನೂರ ಐವತ್ತು ಪಿಂಚಣಿ. "ನಿಮ್ಮಪ್ಪ ಇನ್ನಾ ಕಳಸಾಕತ್ಯಾನ ನೋಡು," ಎಂದು ಪಾಸ್‌ಬುಕ್ಕನ್ನು ಸೆರಗಿನಲ್ಲಿ ಒರೆಸುವಳು. ಮಗಳಿಗೆ ನೌಕರಿ ಸಿಕ್ಕಾಗ ಸಂಬಳ ಎಷ್ಟೆಂದು ಅವ್ವ ಕೇಳಲಿಲ್ಲ. "ಪಿ.ಎಫ್. ಹಿಡೀತಾರೇನು?" ಎಂದಷ್ಟೇ ಕೇಳಿದಳು. ಶಿವಗಂಗಾ ಹೂಂ ಅಂದುಬಿಟ್ಟಿದ್ದಳು.

ಊಟದ ಹೊತ್ತಿಗೆ ಹಾಳೆಯೊಂದರ ಹಿಂದೆ ಬರೆದಳು: ನನ್ನ ಸಂಬಳದಲ್ಲಿ ಒಂದು ರೂಪಾಯಿ ಕಡಿಮೆ ಮಾಡಬೇಕಾಗಿ ವಿನಂತಿ. ಓದಿಕೊಂಡರೆ ತನಗೇ ಹುಚ್ಚು ಅನ್ನಿಸಿತು. ಹಾಳೆ ಮಡಚಿ ಸಾಹುಕಾರರ ಬಾಗಿಲ ತನಕ ಎರಡು ಸಲ ಹೋಗಿ ತಿರುಗಿ ಬಂದಳು. ಮೂರನೇ ಸಲ ಒಳಗಿನಿಂದಲೇ ಕೂಗು ಬಂತು.

"ಯಾರವಾ ಅದು? ಬಾ ಒಳಗ."

ಸಾಹುಕಾರ ಶಿವಯೋಗಪ್ಪನವರು ಶೇಂಗಾ ಕಾಯಿ ಒಡೆದು ಬೀಜವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು.

"ಏನು, ಸಂಬಳ ಕಡಿಮಿ ಆತೇನು?"

"ಇಲ್ರಿ. ಹೆಚ್ಚಾಗೇತ್ರಿ."

ಬೀಜ ಮೇಜಿನ ಮೇಲೆ ಬಿತ್ತು. ಬರೆದುಕೊಂಡ ವಾಕ್ಯ ಬಾಯಿಗೆ ಬರಲೇ ಇಲ್ಲ. ಅಪ್ಪನ ಕಾರ್ಖಾನೆ, ಅವ್ವನ ಪಾಸ್‌ಬುಕ್ಕು, ಸರ್ಕಾರದ ಗೆರೆ, ಎಲ್ಲ ಹಿಂದುಮುಂದಾಗಿ ಹೊರಬಿತ್ತು. ಸಾಹುಕಾರರು ಕೊನೆಯ ತನಕ ಕೇಳಿದರು.

"ಅಲ್ಲವಾ, ಸೊನ್ನಿಗೆ ನಿಂದ್ರಿಸಿ ನಾ ಯಾರಿಗೂ ಕೊಟ್ಟಾವಲ್ಲ. ಮ್ಯಾಲೊಂದು ರೂಪಾಯಿ ಇಟ್ರ ಬೆಳೀತೈತಿ ಅಂತಿದ್ಲು ನಮ್ಮವ್ವ. ನಿನಗೊಬ್ಬಾಕಿಗೆ ಅದನ್ನ ಹೆಂಗ ಕಿತ್ತಲಿ?"

ಅವಳು ಹೊರಡಲು ತಿರುಗಿದಳು. ಬಾಗಿಲಿಗೆ ಕೈ ಹಚ್ಚಿದಾಗ ಮಾತು ತಾನಾಗಿ ಬಂತು.

"ಕಾಗದದಾಗ ಬ್ಯಾಡ್ರಿ. ಆ ಒಂದ್ರುಪಾಯಿ ಬ್ಯಾರೇನ, ನಿಮ್ಮ ಕೈಯಿಂದ ಕೊಡ್ರಿ."

ಅವರು ಮೇಜಿನ ಮೇಲೆ ಬಿದ್ದಿದ್ದ ಬೀಜ ಎತ್ತಿ ಬಾಯಿಗೆ ಹಾಕಿಕೊಂಡರು. ಆಮೇಲೆ ಮೇಜು ಗುದ್ದಿ, "ಹಾಲಸ್ವಾಮೀ," ಎಂದು ಕೂಗಿದರು, "ಈ ಹುಡುಗಿ ಆರ್ಡರ್ ಇನ್ನೊಂದ್ಸಲ ಟೈಪ್ ಮಾಡು. ಸೊನ್ನಿಗೇ ನಿಂದ್ರಸು. ನನ್ನ ಪಾಲು ನಾ ಕಟ್ತೀನಿ."

"ಒಂದ್ರುಪಾಯಿ ಉಳೀತ್ರಿ ನಿಮಗ," ಹಾಲಸ್ವಾಮಿ ಅಂದರು.

"ಉಳದಿಲ್ಲಲೇ. ನೀ ಟೈಪ್ ಮಾಡು."

ತಿಂಗಳು ತುಂಬಿದಾಗ ಸಂಬಳದ ಚೀಟಿಯಲ್ಲಿ ಪಿ.ಎಫ್. ಎಂಬುದರ ಎದುರು ಏಳುನೂರ ಎಂಬತ್ತು ಹಿಡಿದಿದ್ದರು. ಅದನ್ನು ನಾಲ್ಕು ಮಡಿಕೆ ಮಾಡಿ ಅವ್ವನಿಗೆಂದು ಪರ್ಸಿನಲ್ಲಿಟ್ಟಳು. ಅಷ್ಟರಲ್ಲಿ ಶಿವಯೋಗಪ್ಪನವರೇ ಲ್ಯಾಬಿಗೆ ಬಂದು, ಎಣ್ಣೆ ಬಾಟಲಿಗಳ ನಡುವೆ ಅವಳ ಬೊಗಸೆಗೆ ಒಂದು ರೂಪಾಯಿಯ ನಾಣ್ಯ ಹಾಕಿ ಹೋದರು.

ಸಂಜೆಯ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಆರು ರೂಪಾಯಿ ಟಿಕೆಟ್ಟಿಗೆ ಅವಳು ಹತ್ತರ ನೋಟು ಚಾಚಿದಳು.

"ಒಂದ್ರುಪಾಯಿ ಚಿಲ್ರಿ ಕೊಡಮ್ಮ, ಐದು ವಾಪಸ್ ಕೊಡ್ತೀನಿ," ಕಂಡಕ್ಟರ್ ಗದರಿದ.

"ಇಲ್ರಿ."

"ಕೈಯಾಗೇನೋ ಹಿಡ್ಕೊಂಡೀಯಲ್ಲ?"

"ಇಲ್ರಿ," ಎಂದಳು ಮತ್ತೆ, ಹಿಂದಿನ ಸೀಟಿನವರಿಗೂ ಕೇಳುವಷ್ಟು ಗಟ್ಟಿಯಾಗಿ. ಕಂಡಕ್ಟರ್ ಟಿಕೆಟ್ಟಿನ ಹಿಂದೆ ನಾಲ್ಕು ಎಂದು ಗೀಚಿಕೊಟ್ಟು ಮುಂದೆ ಸರಿದ. ಬಸ್ಸು ತಂಬ್ರಹಳ್ಳಿಯ ದಾರಿ ಹಿಡಿಯಿತು. ಮುಷ್ಟಿಯೊಳಗೆ ನಾಣ್ಯ ಬೆಚ್ಚಗಾಗಿತ್ತು.