ಸೆರಗಿನ ಮೇಲಿನ ಆನೆ

ಚಾಮರಾಜಪೇಟೆಯ ಶೀನಣ್ಣನ ಬಳಿ ಕಾಡು, ಕೋಟೆ ನೋಡಲು ಹೋದವರು ನೆನಪಿಗೆಂದು ಕೊಳ್ಳುವ, ಅಂಗಿಗೆ ಚುಚ್ಚುವ ಚಿತ್ರದ ಪಿನ್ನುಗಳ ದೊಡ್ಡ ಸಂಗ್ರಹವಿತ್ತು. ಬಂಡೀಪುರದ ಹುಲಿ, ಹಂಪಿಯ ಕಲ್ಲಿನ ರಥ, ನಾಗರಹೊಳೆಯ ಆನೆ, ಎಲ್ಲವೂ ಮಖಮಲ್ಲಿನ ಬಟ್ಟೆಯ ಮೇಲೆ. ತಂದುಕೊಟ್ಟವರೆಲ್ಲ ನೆಂಟರು. ಬಸ್ಸು ಹತ್ತಿದರೆ ತಲೆ ಸುತ್ತುತ್ತದೆಂದು ಶೀನಣ್ಣ ಮಾತ್ರ ಮೆಜೆಸ್ಟಿಕ್ ದಾಟಿದವನಲ್ಲ. ಆದರೂ ಪಿನ್ನುಗಳನ್ನು ಯಾರಾದರೂ ಮುಟ್ಟಿದರೆ ಹುಲಿಯಾಗುತ್ತಿದ್ದ.

ಬಸವನಗುಡಿಯ ಛತ್ರದಲ್ಲಿ ನಾದಿನಿಯ ಮಗಳ ಮದುವೆ. ಮುಹೂರ್ತದ ಹೊತ್ತಿಗೆ ಬಂದ ಶೀನಣ್ಣ ಎದೆ ಹಿಡಿದುಕೊಂಡ. ಹುಲಿ ಅವನ ಹೆಂಡತಿ ಗೋದಾಳ ಹೆಗಲ ಮೇಲಿತ್ತು. ರಥ ಮದುಮಗಳ ಸೆರಗಿನಲ್ಲಿತ್ತು.

"ಸೀರೆ ಪಿನ್ನು ಖಾಲಿ ಆಗೋಯ್ತು ಕಣ್ರೀ," ಎಂದಳು ಗೋದಾ. "ನಿಮ್ಮದು ಮನೇಲಿ ಸುಮ್ನೆ ಬಿದ್ದಿತ್ತಲ್ಲ, ತರಿಸಿ ಎಲ್ಲರಿಗೂ ಒಂದೊಂದು ಕೊಟ್ಟೆ."

ಊಟದ ಪಂಕ್ತಿಯಲ್ಲಿ ಶೀನಣ್ಣ ಹೆಂಗಸರ ಹೆಗಲುಗಳನ್ನು ನೋಡುತ್ತ ನಡೆದ. ಗಂಡಿನ ಸೋದರತ್ತೆ ಭಾರೀ ಮೈಕಟ್ಟಿನವರು. ಅವರೆದುರು ನಿಂತೇಬಿಟ್ಟ.

"ಏನ್ರೀ ಹಾಗೆ ನೋಡ್ತಿದೀರಾ?"

"ಆನೆ ತಲೆಕೆಳಗಾಗಿದೆ, ತಾಯಿ."

"ಯಾರನ್ರೀ ಆನೆ ಅಂತಿರೋದು?"

ಆಮೇಲೆ ಅವರ ಹತ್ತಿರ ಸುಳಿದು ಪಿನ್ನು ಕೇಳುವ ಧೈರ್ಯ ಅವನಿಗೆ ಬರಲಿಲ್ಲ.

ಸಂಜೆ ಗಂಡಿನ ಕಡೆಯವರ ವ್ಯಾನು ಹುಣಸೂರಿಗೆ ಹೊರಟು ನಿಂತಿತು. ಸೋದರತ್ತೆಯ ಜೊತೆ ಆನೆಯೂ ಹತ್ತಿತು. ಗೋದಾ ನೋಡುವಷ್ಟರಲ್ಲಿ ಗಂಡ ಹಿಂದಿನ ಸೀಟಿನಲ್ಲಿ ಕೂತು, ಮೂಗಿಗೆ ನಿಂಬೆಹಣ್ಣು ಒತ್ತಿಕೊಂಡು, ಕಣ್ಣು ಮುಚ್ಚಿದ್ದ.

ಅವಳು ಕಿಟಕಿಯ ಹತ್ತಿರ ಬಂದಳು. "ನಾಗರಹೊಳೆ ಅಲ್ಲೇ ಪಕ್ಕದಲ್ಲಂತೆ. ಬರೋವಾಗ ಒಂದು ಡಜನ್ ಪಿನ್ನು ತಂದ್ಬಿಡಿ. ಮುಂದಿನ ತಿಂಗಳು ಅಣ್ಣನ ಮಗಳ ಮದುವೆ ಇದೆ."